ಹಲ್ಲು ನೋಡಿ ಕೊಂಡ ಕ್ಯಾಮೆರಾ

ನಮ್ಮ ಸೋದರಮಾವ ಕ್ಯಾಮೆರಾ ಕೊಳ್ಳುವಾಗ ಅದರ ಹಲ್ಲು ನೋಡುತ್ತಾನೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ಚಿತ್ರದುರ್ಗದ ಆ ಹಳೇ ಕ್ಯಾಮೆರಾ ಅಂಗಡಿಯಲ್ಲಿ, ಕಾಲೇಜು ಹುಡುಗರ ಎದುರಿಗೆ, ಅವನ ಪಕ್ಕದಲ್ಲಿ ನಿಂತಿದ್ದವಳು ನಾನು. ನನಗೆ ಮಾತ್ರ ಆಗ ನಗು ಬರಲಿಲ್ಲ!

ಮೊದಲು ಕಾರಣ ಹೇಳಿಬಿಡುತ್ತೇನೆ. ಮಾವ ಕುರಿ ಕಾಯುವವನು. ಹೊಸದುರ್ಗದ ಕಡೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ ಅವನ ಹಟ್ಟಿ. ಅತ್ತೆಯೂ ಮದುವೆಯಾದಂದಿನಿಂದ ಅವನ ಜೊತೆಗೇ ಗುಡ್ಡ ಹತ್ತಿದವಳು. ಹೋದ ವರ್ಷ ದೊಡ್ಡಿಯ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ರಾಡು ಹಾಕಿದರು. ವಾಕರ್ ಹಿಡಿದು ಮನೆಯೊಳಗೆ ಓಡಾಡಬಹುದು, ಗುಡ್ಡ ಮಾತ್ರ ಇನ್ನಿಲ್ಲ ಎಂದರು ಡಾಕ್ಟರು. ಅಂದಿನಿಂದ ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಸಂಜೆ ಮಂದೆ ಮನೆಗೆ ಬಂದರೂ ತಿರುಗಿ ನೋಡುತ್ತಿರಲಿಲ್ಲ. ಯಾವ ಕುರಿ ಈಯಿತು, ಯಾವ ಮರಿ ಸೊರಗಿತು, ಒಂದನ್ನೂ ಕೇಳುತ್ತಿರಲಿಲ್ಲ. ಗುಡ್ಡವನ್ನು ಟಿ.ವಿ.ಯಲ್ಲಿ ತೋರಿಸಿದರೆ ಈ ಕಡೆ ತಿರುಗಿಯಾಳು ಎಂಬುದು ಮಾವನ ಲೆಕ್ಕ.

ಇದಕ್ಕೆ ನಾನೇಕೆ ಬೇಕಾಯಿತು? ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಬೆಳಿಗ್ಗೆ ಹಿಕ್ಕೆ ಗುಡಿಸಿ, ಬಸ್ಸಿನ ಬಾಗಿಲಲ್ಲಿ ನೇತಾಡಿ ಹೋಗಿ ಬಿ.ಎಸ್ಸಿ. ಮುಗಿಸಿದವಳು, ಈಗ ಹಿರಿಯೂರಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮವರ ಪ್ರಕಾರ ಡಿಗ್ರಿ ಮಾಡಿದವರಿಗೆ ಮಿಕ್ಸಿ, ಮೋಟರು, ಮೊಬೈಲು, ಕೋರ್ಟು ಎಲ್ಲವೂ ಗೊತ್ತಿರಬೇಕು. ಹಾಗಾಗಿ ರಜೆಗೆಂದು ಹಟ್ಟಿಗೆ ಬಂದಿದ್ದ ನಾನೇ ಕ್ಯಾಮೆರಾಕ್ಕೂ!

"ಮೊಬೈಲಲ್ಲೇ ತೆಗೀಬಹುದಲ್ಲ ಮಾವ?" ಎಂದೆ.

"ಮೊಬೈಲಾದ್ರೆ ಯಾರಾದ್ರೂ ಫೋನ್ ಮಾಡ್ತಾರೆ. ಕುರಿ ಮುಂದೆ ಮಾತಾಡಿದ್ರೆ ಅವು ಮೇಯದು ಬಿಟ್ಟು ಕೇಳ್ತಾವೆ."

ಅಂಗಡಿಯ ಸಾಹೇಬರು ಅಂಗೈಯಗಲದ ಕ್ಯಾಮೆರಾಗಳನ್ನು ಸಾಲಾಗಿಟ್ಟರು. ಒಂದಕ್ಕೆ ಜೂಮ್ ಹೆಚ್ಚು, ಒಂದಕ್ಕೆ ತಿರುಗುವ ಪರದೆ, ಇನ್ನೊಂದಕ್ಕೆ ಮೈಕು ಚುಚ್ಚುವ ತೂತು. ನಾನು ಒಂದೊಂದರ ಗುಣವನ್ನೂ ವಿವರಿಸಿದೆ. ಮಾವ ಕೇಳಿದ್ದು ಒಂದೇ.

"ಟಗರು ಗುದ್ದಿದ್ರೆ ತಡೀತೈತೇನ್ರಿ?"

"ಯಾವ ಕಂಪನೀನೂ ಟಗರಿನ ಗ್ಯಾರಂಟಿ ಕೊಡಲ್ಲ ಯಜಮಾನ್ರೆ."

ಮಾವ ಒಂದನ್ನೆತ್ತಿ ತೂಗಿದ, ಬೆನ್ನು ತಟ್ಟಿದ, ಬ್ಯಾಟರಿ ಬಾಗಿಲು ತೆರೆದು ಬೆಳಕಿಗೆ ಹಿಡಿದು ಒಳಗೆ ಇಣುಕಿದ.

"ಮಾವ, ಅದು ಬ್ಯಾಟರಿ ಹಾಕೋ ಜಾಗ."

"ಸುಮ್ನಿರೇ, ಹಲ್ಲು ನೋಡ್ತಿದೀನಿ."

ಕುರಿಯ ಪ್ರಾಯ ತಿಳಿಯುವುದು ಹಲ್ಲಿನಿಂದ. ಒಳಗೆ ಸಾಲಾಗಿದ್ದ ತಾಮ್ರದ ಪಟ್ಟಿಗಳಿಗೆ ಉಗುರು ತಾಗಿಸಿ, "ಸವೆದಿಲ್ಲ, ಇನ್ನೂ ಹರೇದ್ದು" ಎಂದು ತೀರ್ಪಿತ್ತ. ವಿಚಿತ್ರವೆಂದರೆ ಸಾಹೇಬರು ತಲೆದೂಗಿದರು! ಮಾವ ಹೆಗಲ ಟವೆಲ್ಲು ತೆಗೆದು ಸಾಹೇಬರ ಕೈಮೇಲೆ ಹಾಕಿ, ಅದರೊಳಗೆ ತನ್ನ ಕೈ ತೂರಿಸಿದ. ಕುರಿ ಸಂತೆಯಲ್ಲಿ ಬೆಲೆ ಮಾತಾಡುವುದೇ ಹಾಗೆ, ಬಟ್ಟೆಯ ಮರೆಯಲ್ಲಿ, ಬೆರಳು ಹಿಡಿದು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಸಾಹೇಬರ ಮುಖ ಮಾತ್ರ ಅರಳಿತು. "ನಮ್ಮ ಅಜ್ಜ ಹಿಂಗೇ ಯಾಪಾರ ಮಾಡ್ತಿದ್ರು, ಅವ್ರು ಹೋದ್ಮೇಲೆ ನನ್ನ ಬೆರಳು ಯಾರೂ ಹಿಡಿದಿರ್ಲಿಲ್ಲ" ಎಂದರು. ಇಬ್ಬರೂ ಮಾತಿಲ್ಲದೆ ಟವೆಲ್ಲಿನೊಳಗೆ ಜಗಳವಾಡಿದರು, ರಾಜಿಯಾದರು. ಬೆಲೆ ಎಷ್ಟೆಂದು ನನಗೆ ಇಂದಿಗೂ ಗೊತ್ತಿಲ್ಲ. ಟವೆಲ್ಲಿನೊಳಗಿನ ಮಾತನ್ನು ಹೊರಗೆ ಹೇಳಬಾರದಂತೆ!

ಮೊದಲ ದಿನ ಮಾವ ಕ್ಯಾಮೆರಾ ಕೈಯಲ್ಲಿ ಹಿಡಿದು ಮಂದೆಯ ಮುಂದೆ ನಡೆಯುತ್ತಾ ಚಿತ್ರ ತೆಗೆದ. ಸಂಜೆ ಟಿ.ವಿ.ಗೆ ಜೋಡಿಸಿದೆವು. ಬಹಳ ಕರೆದ ಮೇಲೆ ಅತ್ತೆ ಕತ್ತು ಮಾತ್ರ ಹೊರಳಿಸಿದಳು.

"ಏನಿದು, ಗುಡ್ಡದಾಗೆ ಭೂಕಂಪ ಆಗೈತಾ? ತಲೆ ತಿರುಗ್ತೈತೆ, ಆರ್ಸು ಅದನ್ನ!"

ಮತ್ತೆ ಗೋಡೆ. ಮಾವನಿಗೆ ಬೇಸರವಾಯಿತು ಅಂದುಕೊಂಡಿರಾ? ಹೊರಗೆ ಬಂದು ನನ್ನ ಕಿವಿಯಲ್ಲಿ, "ನೋಡ್ದೇನೇ? ಬೈಯಾಕಾದ್ರೂ ತಿರುಗಿದ್ಲು" ಎಂದ.

ಅಲ್ಲಿಂದ ಶುರುವಾಯಿತು ಅಲುಗಾಟದ ಮೇಲಿನ ಯುದ್ಧ. ಕ್ಯಾಮೆರಾವನ್ನು ಮುಂದಾಳು ಟಗರಿನ ಕೊರಳಿಗೆ ಕಟ್ಟಿದ. ಅದು ಬೆಳಗಿನಿಂದ ಸಂಜೆಯವರೆಗೆ ತಲೆ ತಗ್ಗಿಸಿ ಮೇಯ್ದದ್ದೇ ಮೇಯ್ದದ್ದು, ಟಿ.ವಿ. ತುಂಬಾ ಹುಲ್ಲು ಮತ್ತು ಕರುಂ ಕರುಂ. "ನಿನ್ನ ಕೈಗಿಂತ ಟಗರಿನ ಕತ್ತೇ ಗಟ್ಟಿ ಐತೆ" ಎಂದಳು ಅತ್ತೆ.

ಆಮೇಲೆ ಗಾಳಿಯ ಕಾಟ. ಕುರಿಯ ದನಿಯನ್ನೆಲ್ಲ ಗಾಳಿ ನುಂಗಿ ಗುಂಯ್ ಎನ್ನುತ್ತಿತ್ತು. ಕ್ಯಾಮೆರಾದ ಮೈಕಿಗೆ ಹೊದಿಸುವ ತುಪ್ಪಳದ ಟೋಪಿ ಅಂಗಡಿಯಲ್ಲಿ ಸಿಗುತ್ತದೆ ಎಂದೆ. "ಉಣ್ಣೆ ಬೆಳೆಯೋರು ಉಣ್ಣೆ ಕೊಳ್ಳಾಕೆ ಹೋಗ್ತಾರೇನೇ?" ಎಂದು ಗದರಿ, ಜಿಡ್ಡು ತೊಳೆಯದ ಹಸಿ ಉಣ್ಣೆಯನ್ನೇ ಮೈಕಿಗೆ ಸುತ್ತಿದ. ಗಾಳಿ ನಿಂತಿತು, ನಿಜ. ಆದರೆ ತಬ್ಬಲಿ ಮರಿಯೊಂದು ಆ ವಾಸನೆಗೆ ಮೋಸಹೋಗಿ ಕ್ಯಾಮೆರಾವನ್ನೇ ತಾಯಿ ಎಂದುಕೊಂಡಿತು! ಸಂಜೆ ಟಿ.ವಿ.ಯಲ್ಲಿ ಗುಡ್ಡದ ಬದಲು ಒಂದು ಮೂತಿ, ಮನೆ ತುಂಬಾ ಚೊಚ್ ಚೊಚ್ ಸದ್ದು. ನಾನು ನಕ್ಕು ನಕ್ಕು ಸುಸ್ತಾದೆ. ಅತ್ತೆ ನಗಲಿಲ್ಲ. ಮೊಣಕೈ ಊರಿ ಎದ್ದಳು.

"ಲೇ, ಆ ಮರಿಗೆ ಹಾಲಿಲ್ಲ ಕಣೋ! ಬೇರೆ ಕುರಿಗೆ ಬಿಡ್ಲಿಲ್ವಾ?"

ಆ ರಾತ್ರಿಯೇ ಮರಿಯನ್ನು ಇನ್ನೊಂದು ಕುರಿಗೆ ಹೊಂದಿಸಿದ್ದಾಯಿತು. ವಿಷಯ ತಿಳಿದ ಮೇಲೆ ಅವಳು ಮತ್ತೆ ಗೋಡೆಗೆ ತಿರುಗಿದಳು.

ಮುಂದಿನ ಸಾಹಸ ನೀರು ಹೊರುವ ಅಡ್ಡೆಯದು. ಹೆಗಲ ಮೇಲೆ ಬಿದಿರು, ಮುಂದಿನ ತುದಿಗೆ ಕ್ಯಾಮೆರಾ, ಹಿಂದಿನ ತುದಿಗೆ ತೂಕದ ಕಲ್ಲು. ಹಿಂದಿನಿಂದ ಊರಿನವರೊಬ್ಬರು "ಎಲ್ಲಿಗಪ್ಪ?" ಎಂದು ಕೇಳಿದರು. ಮಾವ ಮರ್ಯಾದೆಯಿಂದ ತಿರುಗಿದ. ಕಲ್ಲೂ ತಿರುಗಿತು. ಆ ವಿಡಿಯೋದಲ್ಲಿ ಚಿತ್ರ ಏನೇನೂ ಸರಿಯಿಲ್ಲ. ಬೈಗುಳ ಮಾತ್ರ ಬಹಳ ಸ್ಪಷ್ಟವಾಗಿದೆ.

ಕೊನೆಗೆ ನನ್ನ ಬಿ.ಎಸ್ಸಿ. ಕೆಲಸಕ್ಕೆ ಬಂತು. ಅಡ್ಡೆಯನ್ನು ನೆಟ್ಟಗೆ ನಿಲ್ಲಿಸು ಎಂದೆ. ಕುರಿ ಕಾಯುವ ಕೋಲಿನ ತುದಿಗೆ ಕ್ಯಾಮೆರಾ, ಬುಡಕ್ಕೆ ಕಲ್ಲು, ನಡುವೆ ಸೈಕಲ್ಲಿನ ಬೇರಿಂಗು, ಅಲ್ಲಿ ಬೆರಳಿನ ಹಿಡಿತ. ಕೈ ಎಷ್ಟೇ ಕುಲುಕಿದರೂ ಭಾರ ಕೋಲನ್ನು ನೆಟ್ಟಗಿಡುತ್ತದೆ. ಅದನ್ನು ಕಟ್ಟುವಾಗ ನನಗೊಂದು ಯೋಚನೆ ಬಂತು. ಕಲ್ಲುಮುಳ್ಳಿನ ಗುಡ್ಡದಲ್ಲಿ ನಡೆಯುವಾಗ ನಮ್ಮ ತಲೆ ಇದಕ್ಕಿಂತ ಹೆಚ್ಚು ಕುಲುಕುತ್ತದೆ. ಆದರೂ ಲೋಕ ಅಲುಗಿದಂತೆ ಕಾಣುವುದಿಲ್ಲ, ಯಾಕೆಂದರೆ ಕಾಲು ಇಟ್ಟ ಹೆಜ್ಜೆ ಕಣ್ಣಿಗೆ ಗೊತ್ತಿರುತ್ತದೆ. ಮಂಚದ ಮೇಲಿನವಳಿಗೆ ಆ ಹೆಜ್ಜೆಯೇ ಇಲ್ಲ. ತಲೆ ತಿರುಗದೆ ಏನಾದೀತು?

ಈ ಸಲದ ಚಿತ್ರ ಎಷ್ಟು ಚೆನ್ನಾಗಿತ್ತು ಅಂತೀರಿ! ಗುಡ್ಡ ತೇಲಿಕೊಂಡು ಬಂದಂತಿತ್ತು. ಅತ್ತೆ ಕೊನೆಯವರೆಗೂ ನೋಡಿ, "ಚೆನ್ನಾಗೈತೆ" ಎಂದು ಹೇಳಿ ಗೋಡೆಗೆ ತಿರುಗಿದಳು.

ಮಾವನ ಮುಖ ಬಾಡಿತು. "ಏನೇ ಇದು, ಈಗ ಅಲುಗ್ತಿಲ್ವಲ್ಲೇ!"

"ಅಲುಗ್ತಿಲ್ಲ. ಆದ್ರೆ ಇದು ಯಾರ ಗುಡ್ಡ?" ಅತ್ತೆ ಕೇಳಿದಳು.

"ನಮ್ದೇ ಕಣೇ!"

"ನಿಂದು. ನಾನು ನೋಡಿದ್ದು ಇದಲ್ಲ."

ಕುರಿ ಹೊಡೆಯುವವರಲ್ಲಿ ಗಂಡ ಮಂದೆಯ ಮುಂದೆ ನಡೆಯುತ್ತಾನೆ. ಹಿಂದುಳಿದ ಮರಿಗಳನ್ನು ಎತ್ತಿಕೊಳ್ಳುತ್ತಾ ಹೆಂಡತಿ ಕೊನೆಗೆ ಬರುತ್ತಾಳೆ. ಮಾವ ಇಷ್ಟು ದಿನವೂ ತನಗೆ ಕಾಣುವ ಗುಡ್ಡವನ್ನೇ ತಂದು ಅವಳಿಗೆ ತೋರಿಸುತ್ತಿದ್ದ.

"ನನ್ನ ಗುಡ್ಡದಾಗೆ ಮುಂದೆ ನೀನಿರ್ತಿದ್ದೆ" ಎಂದಳು ಅತ್ತೆ, ಗೋಡೆಗೆ.

"ನನ್ನ ಮಖ ದಿನಾ ನೋಡ್ತೀಯಲ್ಲೇ!"

"ಆ ಮಖ ಯಾರಿಗೆ ಬೇಕು? ನಾನು ನೋಡ್ತಿದ್ದುದು ಬೆನ್ನು."

ಮಾರನೆಯ ಬೆಳಿಗ್ಗೆ ಮಾವ ಕೋಲನ್ನು ನನ್ನ ಕೈಗೆ ಕೊಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ನಾನು ಮಂದೆಯ ಹಿಂದೆ, ಅತ್ತೆಯ ಜಾಗದಲ್ಲಿ. ಧೂಳು, ಕುರಿಗಳ ಬೆನ್ನುಗಳು, ಅವುಗಳಾಚೆ ಕೊಂಚ ಎಡಕ್ಕೆ ವಾಲಿ ನಡೆಯುವ ಒಂದು ಬೆನ್ನು. ಗುಡ್ಡದ ತಿರುವಿನಲ್ಲಿ, ತಾನು ಮರೆಯಾಗುವ ಮುನ್ನ, ತಿರುಗಿ ನೋಡದೆಯೇ ಮಾವ ಕೂಗಿದ: "ಬಂದ್ಯೇನೇ?"

ನನ್ನನ್ನೇ ಕೇಳಿದ ಅಂದುಕೊಂಡೆ. ಮರಿಯೊಂದನ್ನು ಎತ್ತಿಕೊಳ್ಳುವ ಅವಸರದಲ್ಲಿ ಉತ್ತರ ಕೊಡಲಿಲ್ಲ.

ಸಂಜೆ ಟಿ.ವಿ.ಯಲ್ಲಿ ಆ ತಿರುವು ಬಂತು. ಅತ್ತೆ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಪರದೆಯ ಮೇಲೆ ಮಾವನ ಬೆನ್ನು ಕೂಗಿತು, "ಬಂದ್ಯೇನೇ?"

"ಬಂದೆ, ನಡಿ" ಎಂದಳು ಅತ್ತೆ.