ಒಂದನೇ ನಂಬರು ಯಾರಿಗೆ?

ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ಚುನಾವಣೆ ಬಂದಾಗಲೆಲ್ಲ ನಮ್ಮ ಸ್ಟಾಫ್ ರೂಮಿನಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ಬೇರೆ ಚುನಾವಣೆಯಲ್ಲಿ ಗುಂಡಿ ಒತ್ತಿ ಬಂದರೆ ಮುಗಿಯಿತು. ಇಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ನಮ್ಮ ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು. ವರ್ಷವಿಡೀ ಮಕ್ಕಳಿಗೆ ರ‍್ಯಾಂಕ್ ಕೊಡುವ ಮಂದಿಗೆ ದೊಡ್ಡವರಿಗೂ ರ‍್ಯಾಂಕ್ ಕೊಡಿ ಎಂದರೆ ಕೇಳಬೇಕೆ? ಆದರೆ ಈ ಸಲ ನನಗೆ ಅದು ಬರೀ ಮೋಜಾಗಿರಲಿಲ್ಲ. ನಮ್ಮ ಹೈಸ್ಕೂಲಿನಲ್ಲಿ ಗಣಿತದ ಹುದ್ದೆ ಖಾಲಿ ಬಿದ್ದು, ಕನ್ನಡ ಕಲಿಸುವ ನಾನು ಹತ್ತನೆಯ ತರಗತಿಗೆ ಗಣಿತ ಹೇಳುತ್ತಿದ್ದೆ. ಮಕ್ಕಳು ಪ್ರಶ್ನೆ ಕೇಳಿದರೆ ನಾನೇ ಗೈಡ್ ತೆರೆದು ನೋಡುತ್ತಿದ್ದೆ.

ಎಲ್ಲರೂ ಫೇಲು

ಹಿಂದೆ ನಾನು ಇಂಡಿ ಊರಿನ ಶಾಲೆಯಲ್ಲಿದ್ದಾಗ ವಿಜ್ಞಾನದ ಟೀಚರೊಬ್ಬರು, "ಬಾಯಿಗೆ ಬಂದಂಗ ಹೋಲಿಸೂದು ಬ್ಯಾಡ, ಪರೀಕ್ಷಾನ ಮಾಡೂಣು" ಎಂದು ಬೋರ್ಡಿನ ಮೇಲೆ ಗೆರೆ ಎಳೆದರು. ನಡತೆಗೆ ಇಷ್ಟು, ಸದನದಲ್ಲಿ ಬಾಯಿ ಬಿಟ್ಟಿದ್ದಕ್ಕೆ ಇಷ್ಟು, ಗೆದ್ದ ಮೇಲೆ ನಮ್ಮ ಕಡೆ ಮುಖ ಹಾಕಿದ್ದಕ್ಕೆ ಇಷ್ಟು. ಟೀ ಕುಡಿದು ಮುಗಿಯುವುದರೊಳಗೆ ಅಂಕ ಕೂಡಿಸಿದರೆ ಒಬ್ಬ ಅಭ್ಯರ್ಥಿಯೂ ಪಾಸಾಗಿರಲಿಲ್ಲ. ಕೊನೆಗೆ ಪಿ.ಟಿ. ಮಾಸ್ತರರು, "ಒಬ್ಬಂಗಾದ್ರೂ ಗ್ರೇಸ್ ಮಾರ್ಕ್ಸ್ ಕೊಡ್ರಿ. ಇಲ್ಲಂದ್ರ ಮೇಲ್ಮನ್ಯಾಗ ನಮ್ಮ ಕುರ್ಚಿ ಖಾಲಿ ಉಳೀತೈತಿ" ಎಂದರು.

ಫೋನ್ ಎತ್ತಿದವರು

ಮುದ್ದೇಬಿಹಾಳಕ್ಕೆ ವರ್ಗವಾಗಿ ಹೋದಾಗ ಅಲ್ಲಿ ಒರೆಗಲ್ಲು ಬೇರೆಯಾಗಿತ್ತು. ಯಾರು ತಾವೇ ಫೋನ್ ಎತ್ತುತ್ತಾರೋ ಅವರಿಗೆ ಒಂದನೇ ನಂಬರು. ಸ್ಪೀಕರ್ ಹಾಕಿ ಫೋನ್ ಹಚ್ಚಿದೆವು. ಒಬ್ಬರ ಕಡೆಯವನು, "ಸಾಹೇಬ್ರು ಪೂಜಾಕ್ಕ ಕುಂತಾರ್ರಿ" ಎಂದು ಇಟ್ಟುಬಿಟ್ಟ. ಇನ್ನೊಬ್ಬರು ಹಿಂದಿನ ಸಲ ಸೋತವರು. ಮೊದಲ ರಿಂಗಿಗೇ ಎತ್ತಿ, ಎಲ್ಲರ ಮನೆಯ ಕ್ಷೇಮ ವಿಚಾರಿಸಿ, ನಮ್ಮ ತಾಪತ್ರಯವನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡರು. ನಮಗೋ ಹಿಡಿಸಲಾರದ ಸಂತೋಷ.

"ನೀವೇ ಎತ್ತಿದ್ರಲ್ರಿ ಸರ, ಭಾಳ ದೊಡ್ಡ ಮನಸ್ಸು ನಿಮ್ದು" ಎಂದರು ಅಲ್ಲಿನ ಹೆಡ್‌ಮಾಸ್ತರರು.

"ದೊಡ್ಡ ಮನಸ್ಸಿನ ಮಾತಲ್ರಿ. ಸೋತಾಗಿಂದ ನನಗ ಯಾರೂ ಫೋನೇ ಹಚ್ಚಿಲ್ಲ."

ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ಅವರ ನಂಬರು ಬರೆದುಕೊಂಡೆವು.

ಎರಡನೆಯವರೇ ಇಲ್ಲ

ನಾನು ಬಸವನ ಬಾಗೇವಾಡಿಯಲ್ಲಿದ್ದಾಗ ಒಬ್ಬ ಸಹೋದ್ಯೋಗಿ ಮತಗಟ್ಟೆಯಿಂದ ನಗುತ್ತ ಹೊರಗೆ ಬಂದರು. ಯಾರಿಗೆ ಹಾಕಿದಿರಿ ಎಂದೆ. "ಎಲ್ಲಾರಿಗೂ ಒಂದು ಅಂತ ಬರದೇನಿ. ಎಲ್ಲಾರೂ ಮನಿ ತನಕಾ ಬಂದು ಕೈ ಮುಗದಾರ, ಯಾರನ್ನ ಎರಡನೇದಾಂವ ಅನ್ನೂದು?" ಹಾಗೆ ಬರೆದರೆ ಮತವೇ ತಿರಸ್ಕೃತವಾಗುತ್ತದೆ ಎಂದೆ. ಮಕ್ಕಳಿಗೆ ಅರ್ಧ ಅಂಕವನ್ನೂ ಬಿಟ್ಟುಕೊಡದ ಮನುಷ್ಯ ಅವರು. "ಹೋದ್ರ ಒಂದು ಮತ ಹೋತು, ಇಷ್ಟೂ ಮಂದಿ ನಂಟಸ್ತಾನ ಉಳೀತಲ್ರಿ" ಎಂದು ಸ್ಕೂಟರ್ ಹತ್ತಿದರು.

ಯೋಗ್ಯ ಅಭ್ಯರ್ಥಿ

ಈಗ ನಾನಿರುವುದು ಸಿಂದಗಿಯಿಂದ ಆಲಮೇಲಕ್ಕೆ ಹೋಗುವ ದಾರಿಯ ಊರಿನಲ್ಲಿ. ಈ ಸಲ ಬಂದ ಅಭ್ಯರ್ಥಿಗಳಿಗೆಲ್ಲ ನಮ್ಮದು ಒಂದೇ ಪ್ರಶ್ನೆ: ಗಣಿತದ ಮಾಸ್ತರರು ಯಾವಾಗ ಬರುತ್ತಾರೆ? ಒಬ್ಬರು, "ಗೆದ್ದ ಮರುದಿನಾ" ಎಂದರು. ಮತ್ತೊಬ್ಬರು ಮಂತ್ರಿಗಳ ಜೊತೆಗಿನ ತಮ್ಮ ಫೋಟೊ ತೋರಿಸಿದರು. ಮೂರನೆಯವರು ನಿವೃತ್ತ ಗಣಿತ ಶಿಕ್ಷಕರು, ಮನೆ ಸಿಂದಗಿಯಲ್ಲೇ. ಉತ್ತರ ಕೊಡದೆ, ಬೋರ್ಡಿನ ಮೇಲೆ ನಾನು ಬಿಡಿಸಿದ್ದ ಲೆಕ್ಕವನ್ನು ಕಿಟಕಿಯಿಂದಲೇ ನೋಡಿ, "ಇದನ್ಯಾರ್ ಮಾಡ್ಯಾರ್ರಿ?" ಎಂದರು. ನಾನು ಕೈ ಎತ್ತಿದೆ. ಅವರು ಹೆಗಲ ಮೇಲಿನ ಶಾಲು ತೆಗೆದು ಕುರ್ಚಿಗೆ ಹಾಕಿ, ತರಗತಿಯೊಳಗೆ ಹೋಗಿ ಸೀಮೆಸುಣ್ಣ ಹಿಡಿದರು.

ಗಂಟೆ ಬಾರಿಸಿದ್ದು ಅವರಿಗೂ ಕೇಳಲಿಲ್ಲ, ಮಕ್ಕಳಿಗೂ ಕೇಳಲಿಲ್ಲ. ಹೊರಗೆ ಅವರ ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸುಸ್ತಾದ. ನನ್ನ ಪಾಠದಲ್ಲಿ ತಲೆಯನ್ನೇ ಎತ್ತದಿದ್ದ ಹಿಂದಿನ ಬೆಂಚಿನ ಹುಡುಗಿ ತಾನಾಗಿ ಎದ್ದು ಹೋಗಿ ಲೆಕ್ಕ ಬಿಡಿಸಿದಳು. ನನಗೆ ಕಣ್ಣು ತುಂಬಿ ಬಂತು.

ಹೊರಡುವಾಗ ಅವರು ನಮ್ಮ ಪ್ರಶ್ನೆಗೆ ಉತ್ತರ ಕೊಟ್ಟರು. "ಗೆದ್ರ ಬೆಂಗಳೂರಾಗ ನಿಮ್ಮ ಹುದ್ದೇಕ್ಕ ಬಡಿದಾಡ್ತೇನಿ. ಯಾವಾಗ ಸಿಗತೈತಿ, ಹೇಳಾಕ ಬರಂಗಿಲ್ಲ. ಸೋತ್ರ ಮನ್ಯಾಗ ಕುಂತು ಏನ್ ಮಾಡ್ಲಿ, ದಿನಾ ಬಂದು ನಾನೇ ಕಲಸ್ತೇನಿ."

ಇಷ್ಟು ಪ್ರಾಮಾಣಿಕ ಅಭ್ಯರ್ಥಿಯನ್ನು ನಾನು ನೋಡಿರಲಿಲ್ಲ. ಒಂದನೇ ನಂಬರು ಇವರಿಗೇ ಎಂದು ಸ್ಟಾಫ್ ರೂಮು ಒಕ್ಕೊರಲಿನಿಂದ ತೀರ್ಮಾನಿಸಿತು. ಮರುದಿನ ಅದೇ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. "ಸರ, ಅವ್ರು ಭಾಳ ಚೊಲೊ ಕಲಸ್ತಾರ್ರಿ. ಅವ್ರಿಗೆ ವೋಟ್ ಹಾಕಬ್ಯಾಡ್ರಿ."

ಯಾರೂ ಅವಳನ್ನು ಗದರಿಸಲಿಲ್ಲ. ಅಂದಿನಿಂದ ಮತದಾನದ ದಿನದವರೆಗೆ ಯಾರೂ ಚುನಾವಣೆಯ ಮಾತೂ ಎತ್ತಲಿಲ್ಲ.

ಅವರು ಸೋತರು. ಸೋಮವಾರ ಬೆಳಿಗ್ಗೆ ಹೇಳಿದಂತೆ ಬಂದರು. ಟೀ ಲೋಟ ಹಿಡಿದು ನಮ್ಮೆಲ್ಲರ ಮುಖ ನೋಡುತ್ತ, "ಖರೇ ಹೇಳ್ರಿ, ಈ ಸಾಲ್ಯಾಗ ನನಗ ಒಂದನೇ ನಂಬರು ಯಾರ್ಯಾರ್ ಕೊಟ್ರಿ?" ಎಂದರು.

ಎಲ್ಲರೂ ತಮ್ಮ ತಮ್ಮ ಹಾಜರಿ ಪುಸ್ತಕ ತೆರೆದೆವು. ಹೆಡ್‌ಮಾಸ್ತರರು ಸೀಮೆಸುಣ್ಣದ ಡಬ್ಬಿಯನ್ನು ಅವರ ಮುಂದಿಟ್ಟು, "ಬೋರ್ಡ್ ಒರಸಿ ಇಟ್ಟೇವ್ರಿ ಸರ" ಎಂದರು.