ಹಂಡೆಯ ನೀರಿನ ಜ್ವರ

ಮನೆಯಲ್ಲಿ ಥರ್ಮಾಮೀಟರು ಇಟ್ಟುಕೊಂಡವರಿಗೆ ನೆಮ್ಮದಿ ಇರುವುದಿಲ್ಲ. ಅದಿಲ್ಲದವರು ಹಣೆ ಮುಟ್ಟಿ ನೋಡಿ, ಗಂಜಿ ಕುಡಿದು ಮಲಗುತ್ತಾರೆ. ಬೆಳುವಾಯಿಯ ಶಾಲೆಯಲ್ಲಿ ಲೆಕ್ಕ ಕಲಿಸುವ ನನಗೆ ಮಾತ್ರ ಎಲ್ಲವೂ ಅಂಕಿಯಲ್ಲೇ ಗೊತ್ತಾಗಬೇಕು. ಹಾಗಾಗಿ ಮಂಗಳೂರಿಗೆ ಹೋದಾಗ ಒಂದು ಥರ್ಮಾಮೀಟರು ಕೊಂಡು ತಂದೆ. ಅದು ನಮ್ಮ ಮನೆಯಲ್ಲಿ ಇದ್ದದ್ದಕ್ಕಿಂತ ನೆರೆಹೊರೆಯವರ ಬಾಯಲ್ಲಿ ಇದ್ದದ್ದೇ ಹೆಚ್ಚು.

ಆ ವರ್ಷ ನನ್ನ ಹೆಂಡತಿ ವಾರಿಜಾಳಿಗೆ ಏನೋ ಆಗಿತ್ತು. ಊರಿಗೆ ಊರೇ ಸೆಕೆಯಲ್ಲಿ ಉಸ್ಸೆನ್ನುವ ಏಪ್ರಿಲ್ ತಿಂಗಳಲ್ಲಿ ಅವಳು ಕಂಬಳಿ ಹೊದ್ದು ಒಲೆಯ ಮುಂದೆ ಕೂರುತ್ತಿದ್ದಳು. ಮುಖ ಊದಿಕೊಂಡಿತ್ತು, ದನಿ ಒಡೆದಿತ್ತು. ಒಂದು ತೆಂಗಿನಕಾಯಿ ತುರಿಯುವಷ್ಟರಲ್ಲಿ ತೂಕಡಿಸುತ್ತಿದ್ದಳು. ಕೊನೆಗೆ ನನ್ನನ್ನು ಬೈಯುವುದನ್ನೂ ಬಿಟ್ಟಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. "ಅದು ಒಳಜ್ವರ ಮಾಸ್ಟ್ರೇ, ಹೊರಗೆ ಗೊತ್ತಾಗುವುದಿಲ್ಲ" ಎಂದರು ನೆರೆಮನೆಯ ಅಕ್ಕ. ಅವರ ಮನೆಯಲ್ಲೇ ಇದ್ದ ಥರ್ಮಾಮೀಟರನ್ನು ವಾಪಸು ತಂದೆ.

"ಯಾರ್ಯಾರ ಎಂಜಲೋ ಇದು! ತೊಳೆಯದೆ ನಾನು ಬಾಯಿಗೆ ಇಡುವುದಿಲ್ಲ" ಎಂದ ವಾರಿಜಾ ಅದನ್ನು ಬಚ್ಚಲಿಗೆ ಒಯ್ದು, ಹಂಡೆಯ ಬಿಸಿನೀರಲ್ಲಿ ತೊಳೆದು ತಂದು ನಾಲಿಗೆಯಡಿ ಇಟ್ಟುಕೊಂಡಳು. ತೆಗೆದು ನೋಡಿದೆ. ನೂರ ಎಂಟು! ಕನ್ನಡಕ ಒರೆಸಿ ನೋಡಿದರೂ ಕಡಿಮೆಯಾಗಲಿಲ್ಲ. ಹಣೆ ಮುಟ್ಟಿದರೆ ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು. ಆದರೆ ಅಂಕಿ ಕಣ್ಣೆದುರಿಗೆ ಇರುವಾಗ ಕೈಯ ಮಾತು ಯಾರು ಕೇಳುತ್ತಾರೆ? ಇವಳು ಇನ್ನು ಉಳಿಯುವುದಿಲ್ಲ ಎಂದುಕೊಂಡು, ಥರ್ಮಾಮೀಟರನ್ನು ಜೇಬಿಗೆ ಹಾಕಿ ಅವಳನ್ನು ಡಾಕ್ಟ್ರಲ್ಲಿಗೆ ಹೊರಡಿಸಿದೆ.

ಮೂಡುಬಿದಿರೆಗೆ ಹೋಗುವ ಬಸ್ಸು ಅಂದು ಮರಮರದ ಬುಡದಲ್ಲೂ ನಿಂತಿತು. "ಬೇಗ ಬಿಡಿ ಮಾರಾಯ್ರೆ, ನೂರ ಎಂಟು ಉಂಟು!" ಎಂದು ಕಂಡಕ್ಟರನಿಗೆ ಕೂಗಿದೆ. ಜ್ವರದವಳೆಂದು ಎಲ್ಲರೂ ಸರಿದು ಕೂತರು. ವಾರಿಜಾ ಮೆಲ್ಲಗೆ, "ಗಾಳಿ ಬರ್ತದೆ, ಆ ಟರ್ಪಾಲು ಇಳಿಸಿ" ಎಂದಳು. ನನಗೆ ಅಳು ಬಂತು.

ಡಾಕ್ಟ್ರು ಎಲ್ಲ ಕೇಳಿಕೊಂಡು, "ಮಾಸ್ಟ್ರೇ, ನೀವು ನೋಡಿದ್ದು ಹಂಡೆಯ ಜ್ವರ. ಏರಿದ ಪಾದರಸ ಕೊಡಹದೆ ಇಳಿಯುವುದಿಲ್ಲ" ಎಂದು ಥರ್ಮಾಮೀಟರನ್ನು ಕೊಡಹಿ ಅವಳ ಬಾಯಲ್ಲಿಟ್ಟರು. ಎಷ್ಟು ಹೊತ್ತಾದರೂ ಪಾದರಸ ತೊಂಬತ್ತಾರನ್ನು ಮುಟ್ಟಲಿಲ್ಲ. "ಹಾಗಾದರೆ ಜ್ವರವೇ ಇಲ್ಲ!" ಎಂದು ನಾನು ನಕ್ಕುಬಿಟ್ಟೆ. ಡಾಕ್ಟ್ರು ನಗಲಿಲ್ಲ. ಅವಳ ನಾಡಿ ಹಿಡಿದು, ಕತ್ತು ಮುಟ್ಟಿ, ಮುಖವನ್ನೇ ನೋಡುತ್ತ ಕೂತರು.

"ಕತ್ತಿನಲ್ಲಿ ಥೈರಾಯಿಡ್ ಅಂತ ಒಂದು ಗ್ರಂಥಿ ಉಂಟು. ದೇಹದ ಒಲೆ ಉರಿಯುವುದು ಅದರಿಂದ. ಇವರದ್ದು ನಂದುತ್ತಾ ಉಂಟೋ ಅಂತ ನನಗೆ ಸಂಶಯ. ಮೈ ತಣ್ಣಗಿದೆ ಅಂತ ಅಷ್ಟರಿಂದಲೇ ಹೇಳಲಿಕ್ಕೆ ಆಗುವುದಿಲ್ಲ. ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸುವ."

"ನಾನು ಬದುಕ್ತೇನಲ್ಲ ಡಾಕ್ಟ್ರೇ?" ಎಂದಳು ವಾರಿಜಾ.

"ಬಿಟ್ಟರೆ ಕಷ್ಟ. ಈಗ ಬಂದಿರಲ್ಲ, ಮಾತ್ರೆ ಉಂಟು."

ಪರೀಕ್ಷೆಯಲ್ಲಿ ಅದೇ ಎಂದಾಯಿತು. ಮಾತ್ರೆ ಶುರುವಾಯಿತು. ಸುಳ್ಳು ಜ್ವರ ಬಾರದಿದ್ದರೆ ನಾನು ನಿಜವಾದ ಕಾಯಿಲೆಗೆ ಬಸ್ಸು ಹತ್ತುತ್ತಿದ್ದೆನೋ ಇಲ್ಲವೋ. ಮಳೆ ಹಿಡಿಯುವ ಹೊತ್ತಿಗೆ ವಾರಿಜಾ ಕಂಬಳಿ ಬಿಟ್ಟಳು. ಬೈಗುಳ ಮತ್ತೆ ಹಿಡಿದಳು. ಆ ಕಂಬಳಿ ಈಗ ನನ್ನದಾಗಿದೆ. ಬೆಳಿಗ್ಗೆ ಏಳಲು ನನಗೂ ಚಳಿ, ಆಲಸ್ಯ. ನನ್ನ ಒಲೆಯೂ ನಂದುತ್ತಿರಬೇಕೆಂಬ ಆಸೆಯಿಂದ ಒಂದು ದಿನ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿ ಬಾಯಲ್ಲಿಟ್ಟುಕೊಂಡೆ. ವಾರಿಜಾ ಅದನ್ನು ಕಿತ್ತು ಬೆಳಕಿಗೆ ಹಿಡಿದಳು.

"ತೊಂಬತ್ತೆಂಟು ಚಿಲ್ಲರೆ ಉಂಟು. ಅಂಕಿಯೇ ಹೇಳ್ತದೆ, ಏಳಿ!"

ಕಂಬಳಿ ಎಳೆಯುವಾಗ ಅವಳ ಕೈ ನನ್ನ ಕತ್ತಿಗೆ ತಾಗಿತು. ಬೆಚ್ಚಗಿತ್ತು. ಎಷ್ಟು ಬೆಚ್ಚಗೆ ಎಂದು ಅಳೆಯದೆ ಎದ್ದುಬಿಟ್ಟೆ.