ಬಿಟ್ಟೆ ಅಂದರೆ ಬಿಟ್ಟೆ ಅಲ್ಲ

ಬಾಯಿ ಜೋರಿರುವ ಮನುಷ್ಯನನ್ನು ನಗೆಪಾಟಲು ತಾನಾಗಿ ಹುಡುಕಿಕೊಂಡು ಬರುತ್ತದೆ. ಡೆಟ್ರಾಯಿಟ್‌ನಲ್ಲಿ ಅದು ನನಗೆ ವಾರಕ್ಕೊಮ್ಮೆ ಬರುತ್ತಿತ್ತು. ಜರ್ಮನಿಗೆ ಹೋದ ಹನ್ನೆರಡು ದಿನ ಮಾತ್ರ ಪ್ರತಿ ಸಂಜೆ ಬಂತು.

ಎಪ್ಪತ್ತರ ದಶಕದ ಶುರುವಿನ ಮಾತು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕೆಲಸವನ್ನು ಬೆಂಗಳೂರಿನ ಲೇತುಗಳ ಮುಂದೆ ಕಲಿತೆ, ಕಾರ್ಮಿಕರ ಕಾನೂನನ್ನು ಲೈಬ್ರರಿಯಲ್ಲಿ ಕೂತು ಕಲಿತೆ. ಡೆಟ್ರಾಯಿಟ್ ಹತ್ತಿರದ ನಮ್ಮ ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಯುತ್ತಿದ್ದೆವು. ಕಾಲಲ್ಲಿ ಪೆಡಲ್ ತುಳಿದರೆ ಪ್ರೆಸ್ ಇಳಿಯುತ್ತದೆ. ಕೈ ಎಲ್ಲಿದೆ ಎಂದು ಅದು ಕೇಳುವುದಿಲ್ಲ. ನನ್ನ ಪಕ್ಕದ ಪ್ರೆಸ್ಸಿನಲ್ಲಿದ್ದ ಚಿಕಾಗೋದವನು ಹಾಗೆ ಎರಡು ಬೆರಳು ಕಳೆದುಕೊಂಡ.

ಅವತ್ತಿನಿಂದ ನಾನು ಒಂದೇ ಮಾತು ಹಿಡಿದೆ. ಹೊಸ ಪ್ರೆಸ್ ಬರುವುದಾದರೆ ಪೆಡಲ್ ಬೇಡ, ಎರಡು ಗುಂಡಿ ಇರಲಿ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯಲಿ. ಕೈ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಇರುವುದಿಲ್ಲ. ಮಗುವಿಗೂ ತಿಳಿಯುವ ವಿಷಯ. ಆದರೆ ಜರ್ಮನಿಯಿಂದ ಹೊಸ ಪ್ರೆಸ್ ತರಿಸಲು ಆರ್ಡರ್ ಬರೆದ ನಮ್ಮ ಕಂಪನಿಯವರು ಪೆಡಲ್ ಎಂದೇ ಬರೆದಿದ್ದರು. ನಾನು ಗಲಾಟೆ ಮಾಡಿದೆ. ಅವರು ಜಾಣರು. "ನೀನೇ ಜರ್ಮನಿಗೆ ಹೋಗು, ಪ್ರೆಸ್ ನೋಡು, ಸರಿಯಿದೆ ಅಂತ ಸಹಿ ಮಾಡಿ ಬಾ" ಎಂದರು. ನನ್ನ ಸಹಿ ಬಿದ್ದ ಮೇಲೆ ನನ್ನ ಬಾಯಿ ಮುಚ್ಚುತ್ತದಲ್ಲ.

ಹೊರಡುವಾಗ ಚಿಕಾಗೋದವನು ಎಂಟು ಬೆರಳಿನ ಕೈಗಳನ್ನು ತೋರಿಸಿ, "ಇಷ್ಟನ್ನಾದರೂ ಉಳಿಸಿಕೊಡು" ಎಂದ. ತಮಾಷೆಗೇ ಹೇಳಿದ. ನಾನು ನಗಲಿಲ್ಲ.

ಮರ್ಯಾದಸ್ಥರ ಹಸಿವು

ನನ್ನ ಜೊತೆಗೆ ನಮ್ಮ ಕಂಪನಿಯ ಸೌತ್‌ಫೀಲ್ಡ್ ಆಫೀಸಿನಿಂದ ಒಬ್ಬ ಮೈಸೂರಿನ ಇಂಜಿನಿಯರ್ ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಡಿಗ್ರಿಯಲ್ಲಿ ದೊಡ್ಡವರು. ಪುಸ್ತಕ ಓದಿ ಜರ್ಮನ್ ಕಲಿತಿದ್ದರು. ಸ್ಟುಟ್‌ಗಾರ್ಟ್‌ನಲ್ಲಿ ಇಳಿದ ದಿನ ಸಂಜೆ ಪ್ರೆಸ್ ಕಾರ್ಖಾನೆಯ ಹಿರಿಯ ಮ್ಯಾನೇಜರ್ ನಮ್ಮನ್ನು ಊಟಕ್ಕೆ ಕರೆದುಕೊಂಡು ಹೋದ.

ಬಡಿಸುವವಳು ಆಲೂಗಡ್ಡೆಯ ಬೋಗುಣಿ ಹಿಡಿದು ಬಂದಳು. ಇಂಜಿನಿಯರು ನಗುತ್ತ "ಡಾಂಕೆ" ಎಂದರು, ಧನ್ಯವಾದ ಅಂತ. ಅವಳು ಬಡಿಸದೆ ಮುಂದೆ ಹೋದಳು. ನಾನು ಏನೂ ಹೇಳದೆ ತಟ್ಟೆ ಮುಂದೆ ಚಾಚಿದೆ. ಗುಡ್ಡೆ ಹಾಕಿದಳು. ಬ್ರೆಡ್ ಬಂತು. ಅವರು "ಡಾಂಕೆ" ಎಂದರು. ಬ್ರೆಡ್ಡೂ ಹೋಯಿತು. ಮೂರನೇ ಸಲ ಮ್ಯಾನೇಜರೇ ಅವರಿಗೆ ಜರ್ಮನ್‌ನಲ್ಲಿ ಬಿಡಿಸಿ ಹೇಳಿದ: ಬಡಿಸಲು ಬಂದಾಗ ಡಾಂಕೆ ಎಂದರೆ ಬೇಡ ಎಂದರ್ಥ. ಬೇಕಿದ್ದರೆ "ಬಿಟ್ಟೆ" ಅನ್ನಬೇಕು, ದಯವಿಟ್ಟು ಅಂತ.

"ಏನಂದ?" ಎಂದೆ.

"ಬಿಟ್ಟೆ ಅನ್ಬೇಕಂತೆ ಸಾರ್. ನೀವೂ ಅಂದ್ರೆ ಚೆನ್ನಾಗಿರುತ್ತೆ. ಬರೀ ತಟ್ಟೆ ಚಾಚ್ತೀರಿ, ನೋಡೋಕೆ ಒಂಥರಾ ಇರುತ್ತೆ."

"ನೋಡ್ರೀ, ಬೆಂಗಳೂರಲ್ಲಿ ನಲವತ್ತು ದಿನ ಕಾರ್ಖಾನೆ ಗೇಟಿನ ಮುಂದೆ ಮುಷ್ಕರ ಕೂತಾಗಲೂ ಈ ಬಾಯಲ್ಲಿ ಬಿಟ್ಟೆ ಅನ್ನೋ ಮಾತು ಬಂದಿಲ್ಲ. ಅದು ಸೋತವನು ಆಡೋ ಮಾತು. ಆಲೂಗಡ್ಡೆಗೋಸ್ಕರ ಆಡ್ತೀನಾ?"

"ಆಯ್ತು ಸಾರ್, ಆಡ್ಬೇಡಿ. ಆ ತಟ್ಟೆಯಿಂದ ಎರಡು ಆಲೂಗಡ್ಡೆ ಈ ಕಡೆ ಹಾಕಿ."

ಕಂಬಿ

ಆ ಊರಿನ ಗುಡ್ಡದ ಮೇಲೆ ಟಿವಿಯ ಗೋಪುರ ಒಂದಿದೆ. ನಾಲ್ಕನೇ ಸಂಜೆ ಮ್ಯಾನೇಜರ್ ನಮ್ಮನ್ನು ಲಿಫ್ಟಿನಲ್ಲಿ ಮೇಲಕ್ಕೆ ಕರೆದುಕೊಂಡು ಹೋದ. ಕೆಳಗೆ ದ್ರಾಕ್ಷಿ ತೋಟಗಳು, ಕೆಂಪು ಹೆಂಚಿನ ಮನೆಗಳು, ಆಗ ತಾನೇ ಹತ್ತುತ್ತಿದ್ದ ದೀಪಗಳು. ಇಂಜಿನಿಯರು ಫೋಟೋ ತೆಗೆಯುತ್ತಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಸುತ್ತ ಹಾಕಿದ್ದ ಕಬ್ಬಿಣದ ಕಂಬಿ. ಎದೆಮಟ್ಟ, ಗಟ್ಟಿಮುಟ್ಟು.

ನಾನು ಕಂಬಿಯನ್ನು ಅಲ್ಲಾಡಿಸಿ ಮ್ಯಾನೇಜರನ್ನು ಇಂಗ್ಲಿಷಿನಲ್ಲಿ ಕೇಳಿದೆ. "ಸುಮ್ಮನೆ ನೋಡಲು ಬಂದವನು ಬೀಳಬಾರದು ಅಂತ ಇಷ್ಟು ಕಬ್ಬಿಣ ಸುರಿದಿದ್ದೀರಿ. ಎಂಟು ಗಂಟೆ ದುಡಿಯುವವನ ಕೈಗೆ ಎರಡು ಗುಂಡಿ ಇಡಲು ನಿಮಗೇನು ಕಷ್ಟ? ಇಡಲೇಬೇಕು."

ಅವನು ಕಂಬಿಯನ್ನು ನೋಡಿದ, ನನ್ನನ್ನು ನೋಡಿದ, ಸ್ವಲ್ಪ ಯೋಚಿಸಿ ಹೇಳಿದ.

"ಕಂಬಿ ಆರ್ಡರಿನಲ್ಲಿ ಬರೆದಿತ್ತು."

ಇಲ್ಲದ ಮಕ್ಕಳು

ಗೋಪುರದಿಂದ ಹೋಟೆಲಿಗೆ ಬರುವಾಗ ರಸ್ತೆ ದಾಟಬೇಕಿತ್ತು. ಒಂದು ಕಾರೂ ಇಲ್ಲ, ಸೈಕಲ್ಲೂ ಇಲ್ಲ. ದೀಪ ಕೆಂಪು. ಆರೇಳು ಜನ ದೊಡ್ಡವರು ಖಾಲಿ ರಸ್ತೆಗೆ ಮುಖ ಮಾಡಿ ನಿಂತಿದ್ದರು. ಹೀಗೆ ಹೇಳಿದ್ದಕ್ಕೆಲ್ಲ ನಿಲ್ಲುವ ಜನರಿಂದಲೇ ಲೋಕ ಕೆಟ್ಟಿದೆ ಎಂದುಕೊಂಡು ನಾನು ದಾಟಿದೆ.

ಹಿಂದಿನಿಂದ ಒಬ್ಬಳು ಅಜ್ಜಿ ಬೈಯಲು ಶುರು ಮಾಡಿದಳು. ಪೊಲೀಸರ ಲಾಠಿಗೆ ಜಗ್ಗದವನು ನಾನು. ಅರ್ಧ ರಸ್ತೆಯಿಂದ ವಾಪಸ್ ಬಂದು ಅವಳ ಪಕ್ಕ ನಿಂತುಕೊಂಡೆ.

"ಏನಂತೆ?" ಎಂದು ಇಂಜಿನಿಯರನ್ನು ಕೇಳಿದೆ.

"ಮಕ್ಕಳು ನೋಡ್ತಿರ್ತಾರೆ, ನಾಚಿಕೆ ಆಗಲ್ವಾ ಅಂತ."

"ಮಕ್ಕಳು ಎಲ್ಲಿದ್ದಾರ್ರೀ?"

ಅವರು ಅಜ್ಜಿಯನ್ನು ವಿನಯದಿಂದ ಕೇಳಿ ಬಂದರು. "ಇಷ್ಟು ಹೊತ್ತಿಗೆ ಮಲಗಿರ್ತಾರಂತೆ ಸಾರ್."

ದೇವರ ಕಣ್ಣಿಗೆ ಬೀಳದ ಕಡುಬು

ಇಂಜಿನಿಯರು ಸಸ್ಯಾಹಾರಿ. ನಾನು ಕಟ್ಟುನಿಟ್ಟಿನವನಲ್ಲ. ದಿನವೂ ಆಲೂಗಡ್ಡೆ ತಿಂದು ಅವರ ಮುಖವೇ ಆಲೂಗಡ್ಡೆ ಆಗಿತ್ತು. ಒಂಬತ್ತನೇ ಸಂಜೆ ಸಾರಿನಲ್ಲಿ ತೇಲುವ ಕಡುಬಿನಂಥದ್ದು ಬಂತು. ಹೊರಗೆ ಹಿಟ್ಟು, ಒಳಗೆ ಹಸಿರು ಸೊಪ್ಪು. "ನಮ್ಮಮ್ಮ ಮಾಡೋ ಥರಾನೇ ಇದೆ ಸಾರ್" ಎಂದು ಮೂರು ತಿಂದರು.

ಆಮೇಲೆ ಮ್ಯಾನೇಜರ್ ಆ ತಿಂಡಿಯ ಕಥೆ ಹೇಳಿದ. ಹಿಂದೆ ಮಠದ ಸನ್ಯಾಸಿಗಳಿಗೆ ಉಪವಾಸದ ದಿನಗಳಲ್ಲಿ ಮಾಂಸ ತಿನ್ನುವ ಆಸೆಯಾಯಿತಂತೆ. ದೇವರಿಗೆ ಕಾಣದಿರಲಿ ಎಂದು ಮಾಂಸವನ್ನು ಸೊಪ್ಪಿನ ಜೊತೆ ಅರೆದು ಹಿಟ್ಟಿನೊಳಗೆ ಮುಚ್ಚಿದರಂತೆ.

ಇಂಜಿನಿಯರು ಚಮಚ ಕೆಳಗಿಟ್ಟರು. ಮುಖ ಬಿಳಿಚಿತು. "ಗೊತ್ತಾಗ್ಲೇ ಇಲ್ವಲ್ಲ ಸಾರ್" ಎಂದರು.

"ಅವನಿಗೇ ಗೊತ್ತಾಗಿಲ್ಲ" ಎಂದು ಮೇಲೆ ಕೈ ತೋರಿಸಿದೆ. "ನಿಮಗೇನ್ರೀ ಗೊತ್ತಾಗುತ್ತೆ. ನಾಲ್ಕನೇದು ತಿಂತೀರೋ, ನಾನು ತಿನ್ಲೋ?"

ಕೊನೆಯ ಸಂಜೆ

ಹನ್ನೆರಡನೇ ದಿನ ಮಧ್ಯಾಹ್ನ ಡೆಟ್ರಾಯಿಟ್‌ನಿಂದ ಫೋನ್ ಬಂತು. ನೀನು ಸಹಿ ಮಾಡಿದರೂ ಪ್ರೆಸ್ ಬರುತ್ತದೆ, ಮಾಡದಿದ್ದರೂ ಬರುತ್ತದೆ, ಮಾಡದಿದ್ದರೆ ನೀನು ಮಾತ್ರ ಬರಬೇಕಾಗಿಲ್ಲ. ಅಷ್ಟೇ ಮಾತು.

ಸಂಜೆ ದ್ರಾಕ್ಷಿ ತೋಟದ ನಡುವಿನ ಒಂದು ಸಣ್ಣ ಹೋಟೆಲಿನಲ್ಲಿ ಬೀಳ್ಕೊಡುಗೆಯ ಊಟ. ಹನ್ನೆರಡು ದಿನ ನಾನು ಹೇಳಬೇಕಾದ್ದನ್ನೆಲ್ಲ ಹೇಳಿದ್ದೆ. ಬೈದಿದ್ದೆ, ಮೇಜು ಕುಟ್ಟಿದ್ದೆ, ಕಾನೂನು ಓದಿ ಹೇಳಿದ್ದೆ. ಊಟ ಮುಗಿದ ಮೇಲೆ ಮ್ಯಾನೇಜರ್ ಕಾಗದವನ್ನು ನನ್ನ ತಟ್ಟೆಯ ಪಕ್ಕ ಇಟ್ಟು, ಮೇಲೆ ಪೆನ್ನು ಇಟ್ಟು, "ಬಿಟ್ಟೆ" ಎಂದ.

ನಾನು ಪೆನ್ನು ತೆಗೆದುಕೊಂಡೆ. ಎಂಟು ಬೆರಳು ನೆನಪಾದವು. ಪೆನ್ನು ಕೆಳಗಿಟ್ಟೆ.

"ಹಾಕ್ಬಿಡಿ ಸಾರ್" ಎಂದರು ಇಂಜಿನಿಯರು ಮೆಲ್ಲಗೆ. "ನಿಮ್ಮ ಕೈಲಾದ್ದು ಮಾಡಿದ್ರಿ."

ನನಗೆ ಜೀವಮಾನದಲ್ಲಿ ಮೊದಲ ಸಲ ಸಾಕಾಯಿತು. ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳಿದೆ, "ಬಿಟ್ಟೆ ಕಣ್ರೀ. ಬಿಟ್ಟೆ."

ಮ್ಯಾನೇಜರ್ ಲೋಟ ಕೆಳಗಿಟ್ಟ. ಇಂಜಿನಿಯರು ಮೇಜಿನ ಕೆಳಗೆ ನನ್ನ ಕಾಲನ್ನು ಬಲವಾಗಿ ತುಳಿದರು.

"ಹನ್ನೆರಡು ದಿನದಿಂದ ನೀವು ಇಡಲೇಬೇಕು, ಇಡಲೇಬೇಕು ಅಂತಿದ್ರಿ" ಎಂದ ಮ್ಯಾನೇಜರ್. "ನನ್ನ ಮೇಲಿನವರು ಹಾಗೆ ಹೇಳ್ತಾರೆ, ನನಗೆ ಅಭ್ಯಾಸ ಇದೆ. ಇವತ್ತು ನೀವು ಕೇಳಿಕೊಂಡ್ರಿ. ಎರಡು ಸಲ ಕೇಳಿಕೊಂಡ್ರಿ."

ಕಾಗದವನ್ನು ತನ್ನ ಕಡೆ ಎಳೆದುಕೊಂಡು ಪೆಡಲ್ ಎಂಬುದನ್ನು ಹೊಡೆದು ಹಾಕಿ, ಎರಡು ಗುಂಡಿ ಎಂದು ಬರೆದ. ಆ ಗುಂಡಿಗಳು ಅವರ ಸ್ಟೋರಿನಲ್ಲಿ ಮೊದಲಿನಿಂದಲೂ ಇದ್ದವಂತೆ. ನಾನು ಸಹಿ ಮಾಡಿದೆ.

ಪ್ರೆಸ್ ಡೆಟ್ರಾಯಿಟ್‌ಗೆ ಬಂತು. ಚಿಕಾಗೋದವನು ಎರಡೂ ಕೈಯಿಂದ ಗುಂಡಿ ಒತ್ತಿ ಮೊದಲ ತುಂಡು ತೆಗೆದ. "ಹೇಗೆ ಒಪ್ಪಿಸಿದೆ?" ಎಂದು ಕೇಳಿದ. "ಹೋರಾಡಿ" ಎಂದೆ. ಯೂನಿಯನ್ನಿನವರು ಅದನ್ನೇ ಕರಪತ್ರದಲ್ಲಿ ಅಚ್ಚು ಹಾಕಿದರು.

ಆ ಯುಗಾದಿಗೆ ಹತ್ತಿರದ ಆನ್ ಆರ್ಬರ್‌ನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದೆವು. ನಾನು ಬಿಸಿಬೇಳೆ ಬಾತ್ ಬಡಿಸುತ್ತ, ಸಾಲಿನಲ್ಲಿದ್ದ ಓದುವ ಹುಡುಗರಿಗೆ ಆ ಕಥೆ ಹೇಳುತ್ತಿದ್ದೆ. "ಡಾಲರಿಗೆ ಬಗ್ಗಬಾರದು, ಡಿಗ್ರಿಗೆ ಬಗ್ಗಬಾರದು. ಹನ್ನೆರಡು ದಿನ ಒಬ್ಬನೇ ನಿಂತೆ. ಪಟ್ಟು ಬಿಟ್ಟೆನಾ? ಬೇಕಾದ್ರೆ ಇವರನ್ನೇ ಕೇಳಿ, ಇವರು ಅಲ್ಲೇ ಇದ್ರು."

ಸಾಲಿನಲ್ಲಿ ಮುಂದೆ ಬಂದಿದ್ದ ಇಂಜಿನಿಯರು ನನ್ನ ಮುಖ ನೋಡಿದರು. ಖಾಲಿ ತಟ್ಟೆಯನ್ನು ಮುಂದೆ ಚಾಚಿ, ಬಹಳ ವಿನಯದಿಂದ ಹೇಳಿದರು.

"ಬಿಟ್ಟೆ."

ನಾನು ಬಾಯಿ ಮುಚ್ಚಿಕೊಂಡು ಎರಡು ಸೌಟು ಜಾಸ್ತಿ ಬಡಿಸಿದೆ.